ತುಳಸಮ್ಮ ಬಾಯಿಗೆ ಬೀಗ ಹಾಕಿಕೊಂಡು ಕೆರೆಗೆ ಹೋದದ್ದು

ಮಲ್ಲೇಶ್ವರದ ಎಂಟನೇ ಕ್ರಾಸಿನ ತಿರುವಿನಲ್ಲಿ ತುಳಸಮ್ಮನವರ ಕೈಚೀಲ ಕಾಣಿಸಿಕೊಂಡರೆ ಸಾಕು, ತರಕಾರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ತುಳಸಮ್ಮ ಚೌಕಾಸಿ ಮಾಡುವವರಲ್ಲ. ಚೌಕಾಸಿಯಾದರೆ ಎಷ್ಟೋ ವಾಸಿ, ಎರಡು ರೂಪಾಯಿ ಬಿಟ್ಟುಕೊಟ್ಟರೆ ಮುಗಿಯಿತು. ಆಕೆ ಪ್ರಶ್ನೆ ಕೇಳುವವರು. ಈ ಸೊಪ್ಪು ಯಾವ ಊರಿನದು, ಇದಕ್ಕೆ ಬಿಟ್ಟ ನೀರು ಬಾವಿಯದೋ ಮೋರಿಯದೋ, ನಿನ್ನ ಹೆಂಡತಿ ಇವತ್ತು ಇದೇ ಸೊಪ್ಪಿನ ಸಾರು ಮಾಡಿದಳೋ ಬೇರೆಯದೋ? ಶ್ರೀರಾಂಪುರದಿಂದ ಹೂವಿನ ಬುಟ್ಟಿ ಹೊತ್ತು ಬರುವ ಲಕ್ಕಮ್ಮ ಒಮ್ಮೆ ಕೈಮುಗಿದು, "ಅಮ್ಮಾವ್ರೇ, ಇವತ್ತು ಎರಡು ಮೊಳ ಹಂಗೇ ತಗೊಂಡೋಗಿ. ಕಾಸೂ ಬ್ಯಾಡ, ಪ್ರಶ್ನೇನೂ ಬ್ಯಾಡ" ಎಂದಿದ್ದಳು.

ಡಾಕ್ಟರನ್ನೂ ಬಿಟ್ಟವರಲ್ಲ. "ನಿಮ್ಮ ಮಗೂಗೆ ಜ್ವರ ಬಂದ್ರೂ ಇದೇ ಮಾತ್ರೆ ಕೊಡ್ತೀರಾ ಡಾಕ್ಟ್ರೇ?" ಎಂದು ಕೇಳಿದಾಗ ಆ ಡಾಕ್ಟರು ಚೀಟಿ ಹರಿದು ಬೇರೆ ಮಾತ್ರೆ ಬರೆದುಕೊಟ್ಟರಂತೆ. ಇದನ್ನು ತುಳಸಮ್ಮ ಕೇಳಿದವರಿಗೂ ಹೇಳಿದ್ದಾರೆ, ಕೇಳದವರಿಗೂ ಹೇಳಿದ್ದಾರೆ. ಗಂಡ ವರದರಾಜರು ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಊರಿನ ಫೋನೆಲ್ಲ ರಿಪೇರಿ ಮಾಡಿಸಿದ ಮನುಷ್ಯನಿಗೆ ಮನೆಯಲ್ಲಿ ಹೆಂಡತಿಯಿಂದ ಬರುವ ಕರೆಗಳಿಗೆ ಉತ್ತರಿಸಿ ಸಾಕಾಗಿ, ಕೊನೆಗೆ ಎರಡೇ ಉತ್ತರ ಉಳಿಸಿಕೊಂಡಿದ್ದರು: "ಇರಬಹುದು" ಮತ್ತು "ನೋಡೋಣ".

ತೊಂದರೆಯೆಲ್ಲ ಮಗ ಕಶ್ಯಪನಿಗೆ. ಅವನು ಕಾಲೇಜಿನಲ್ಲಿ ಪಾಠ ಹೇಳುವವನು, ನಾಲ್ಕು ಜನರ ಎದುರು ಮುಜುಗರವಾದರೆ ತಡೆಯದವನು. ಕಳೆದ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ದೋಣಿಯಲ್ಲಿ ಕೂತಾಗ ತುಳಸಮ್ಮ ದೋಣಿಯವನ ಊರು, ಕೇರಿ, ಈಜು, ಕುಡಿತ, ದೋಣಿಯ ವಯಸ್ಸು, ಅದರ ತಳದ ಮರದ ಜಾತಿ ಎಲ್ಲ ವಿಚಾರಿಸಿದ್ದರು. ಆ ಪುಣ್ಯಾತ್ಮ ಹುಟ್ಟು ಕೆಳಗಿಟ್ಟು, ಟಿಕೆಟ್ಟಿನ ದುಡ್ಡು ವಾಪಸು ಕೊಟ್ಟು, "ಇಳೀರಮ್ಮ, ನಂಗೇ ಭಯ ಆಗ್ತಿದೆ" ಎಂದುಬಿಟ್ಟ. ಕ್ಯೂನಲ್ಲಿ ನಿಂತವರೆಲ್ಲ ನಕ್ಕರು.

ಹಾಗಾಗಿ ಈ ದಸರಾ ರಜೆಗೆ ಕನಕಪುರ ರಸ್ತೆಯಾಚೆ ಕೆರೆ ಇರುವ ರೆಸಾರ್ಟೊಂದಕ್ಕೆ ಹೋಗುವುದೆಂದು ಠರಾವಾದಾಗ ಕಶ್ಯಪ ಮೊದಲೇ ಷರತ್ತು ಹಾಕಿದ.

"ಅಮ್ಮ, ಅಲ್ಲಿ ಯಾರಿಗೂ ಒಂದೂ ಪ್ರಶ್ನೆ ಕೇಳಬಾರದು. ಆರಾಧನಾ ಕೆರೇಲಿ ಈಜ್ತಾಳೆ, ಅದಕ್ಕೆ ನೀನು 'ಬೇಡ' ಅನ್ನಬಾರದು. ಆ ಮಾತು ಬಾಯಿಂದ ಬಂತೋ, ಮುಂದಿನ ಸಲ ನಾವು ಮೂರೇ ಜನ ಹೋಗ್ತೀವಿ."

ಮೂರೇ ಜನ ಎಂಬ ಮಾತು ತುಳಸಮ್ಮನಿಗೆ ನಾಟಿತು. ಮದುವೆಯಾದಾಗಿನಿಂದ ಅವರು ಕಂಡ ಪ್ರವಾಸವೆಂದರೆ ದೇವಸ್ಥಾನ, ಛತ್ರ, ಮತ್ತೆ ದೇವಸ್ಥಾನ. ಎಂಟು ವರ್ಷದ ಮೊಮ್ಮಗಳು ಆರಾಧನಾಳ ಕೈಹಿಡಿದು ಹೋಗಲು ಶುರುಮಾಡಿದ ಮೇಲೆಯೇ ಪ್ರಪಂಚದಲ್ಲಿ ಸುಮ್ಮನೆ ಕೂತು ನೋಡುವಂಥ ಜಾಗಗಳೂ ಇವೆ ಎಂದು ತಿಳಿದದ್ದು. ಆ ಸುಖ ಕೈತಪ್ಪುವುದು ಅವರಿಗೆ ಬೇಕಿರಲಿಲ್ಲ. ಆದರೆ ಮಗು ಕೆರೆಗೆ ಇಳಿಯುವುದೂ ಬೇಕಿರಲಿಲ್ಲ.

"ಈಜುಕೊಳದ ಕ್ಲಾಸ್‌ನಲ್ಲಿ ಸರ್ಟಿಫಿಕೇಟ್ ಕೊಟ್ಟಿದ್ದಾರೆ ಅತ್ತೆ" ಎಂದಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆ ಸುಪ್ರಜಾ. ಸರ್ಟಿಫಿಕೇಟ್ ಕೊಟ್ಟವರು ಕೆರೆ ನೋಡಿದ್ದಾರಾ ಎಂಬ ಪ್ರಶ್ನೆ ತುಳಸಮ್ಮನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡರು. ಏಕಾದಶಿಯ ದಿನ ನೀರೂ ಮುಟ್ಟದೆ ಇರಬಲ್ಲ ಹೆಂಗಸು, ಎರಡು ದಿನ ಬಾಯಿಗೆ ಬೀಗ ಹಾಕಿಕೊಳ್ಳಲಾರರೇ? ಇದೂ ಒಂದು ವ್ರತ ಎಂದುಕೊಂಡರು.

ಶನಿವಾರ ಬೆಳಿಗ್ಗೆ ಕಾರು ಹೊರಟಿತು. ದಾರಿಯುದ್ದಕ್ಕೂ ಮಾತಾಡಿದವಳು ಆರಾಧನಾ ಒಬ್ಬಳೇ. ಅಜ್ಜಿಯಿಂದ ಆ ಹುಡುಗಿಗೆ ಬಂದದ್ದು ಪ್ರಶ್ನೆಯಲ್ಲ, ಬರೀ ಮಾತು. ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಬಿಡುವಿಲ್ಲ, ಮಲಗಿದ ಮೇಲೂ ಒಂದೊಂದು ಸಲ ಕನವರಿಕೆಯಲ್ಲಿ ಮುಂದುವರಿಯುವುದುಂಟು. ಬನಶಂಕರಿ ದಾಟುವಷ್ಟರಲ್ಲಿ ಅವಳಿಗೂ ಅನುಮಾನ ಬಂತು.

"ಅಪ್ಪ, ಅಜ್ಜಿಗೆ ಹುಷಾರಿಲ್ವಾ? ಕಾರು ಅಷ್ಟು ದೊಡ್ಡ ಹಳ್ಳಕ್ಕೆ ಇಳಿದು ಹತ್ತಿದ್ರೂ ಡ್ರೈವಿಂಗ್ ಎಲ್ಲಿ ಕಲಿತೆ ಅಂತ ನಿನ್ನ ಕೇಳಲೇ ಇಲ್ಲ."

ರೆಸಾರ್ಟಿನ ಮ್ಯಾನೇಜರು ಲೋಹಿತ್ ಎಂಬ ಹುಡುಗ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಕೆರೆಯ ದಂಡೆಗೆ ಕರೆದುಕೊಂಡು ಹೋಗಿ, ಹಗ್ಗಕ್ಕೆ ಡಬ್ಬಿ ಕಟ್ಟಿ ನೀರಿನ ಮೇಲೆ ಬೇರ್ಪಡಿಸಿದ್ದ ಜಾಗ ತೋರಿಸಿದ. "ಇದು ಮಕ್ಕಳಿಗೆ ಅಂತಲೇ ಮಾಡಿರೋದು. ಫುಲ್ ಸೇಫ್" ಎಂದ. ಕೆರೆಯೇನೋ ಚೆನ್ನಾಗಿತ್ತು. ಆದರೆ ನೀರು ಚಹದ ಬಣ್ಣಕ್ಕಿತ್ತು, ಪಾದ ಮುಳುಗಿದರೆ ಪಾದ ಕಾಣದು.

ತುಳಸಮ್ಮ ಗಂಡನನ್ನು ಮೊಣಕೈಯಿಂದ ತಿವಿದರು. "ರೀ, ಕೇಳಿ."

"ಏನು ಕೇಳ್ಲಿ?"

"ಆಳ."

ವರದರಾಜರು ಗಂಟಲು ಸರಿಮಾಡಿಕೊಂಡು, "ಆಳ ಇದ್ಯೇನಪ್ಪ?" ಎಂದರು.

"ಇದೆ ಸರ್. ಕೆರೆ ಅಲ್ವಾ?"

"ಇರಬಹುದು" ಎಂದು ವರದರಾಜರು ಸಮಾಧಾನಪಟ್ಟುಕೊಂಡರು.

ಇಂಥ ಗಂಡನನ್ನು ಕಟ್ಟಿಕೊಂಡು ಯಾವ ವ್ರತ ತಾನೇ ಪೂರೈಸೀತು? ತುಳಸಮ್ಮನ ಬೀಗ ಅಲ್ಲೇ ಒಮ್ಮೆ ಸಡಿಲಾಯಿತು. "ಅಲ್ಲಪ್ಪಾ, ನಿನ್ನ ಸ್ವಂತ ಮಗೂನ ಈ ನೀರಿಗೆ ಇಳಿಸ್ತೀಯಾ?" ಎಂದು ಕೇಳಿಯೇಬಿಟ್ಟರು. ಡಾಕ್ಟರ ಚೀಟಿ ಹರಿಸಿದ್ದ ಪ್ರಶ್ನೆ ಅದು, ಹುಸಿಹೋಗುವಂಥದ್ದಲ್ಲ.

ಲೋಹಿತ್ ನಾಚಿಕೊಂಡ. "ನಂಗಿನ್ನೂ ಮದುವೆ ಆಗಿಲ್ಲ ಆಂಟಿ."

"ಯಾಕೆ ಆಗಿಲ್ಲ?"

ಆ ಹುಡುಗನಿಗೆ ಇಪ್ಪತ್ತೊಂಬತ್ತು, ಅಕ್ಕನ ಮದುವೆಗೆ ಕಾದು ತಡವಾಯಿತು, ನಕ್ಷತ್ರ ಮೂಲಾ, ಅದಕ್ಕೇ ಹುಡುಗಿಯರ ಕಡೆಯವರು ಹಿಂದೆ ಸರಿಯುತ್ತಾರೆ ಎಂಬುದೆಲ್ಲ ಹೊರಬಿತ್ತು. ಗಂಡುಮಕ್ಕಳಿಗೆ ಮೂಲಾ ನಕ್ಷತ್ರದ ದೋಷವಿಲ್ಲ ಎಂದು ತುಳಸಮ್ಮ ಧೈರ್ಯ ತುಂಬುವಷ್ಟರಲ್ಲಿ ಕಶ್ಯಪ, "ಅಮ್ಮಾ!" ಎಂದು ಗದರಿದ. ತುಳಸಮ್ಮ ತುಟಿ ಕಚ್ಚಿಕೊಂಡರು. ಹುಡುಗನ ಜಾತಕವೆಲ್ಲ ತಿಳಿಯಿತು, ಕೆರೆಯ ಜಾತಕ ತಿಳಿಯಲೇ ಇಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಈಜು ಎಂದಾಯಿತು. ತುಳಸಮ್ಮ ರೂಮಿನಲ್ಲಿ ಕೂತು ಯೋಚಿಸಿದರು. ಬಾಯಿಗೆ ಬೀಗ ಹಾಕಿದರೇನು, ಕೈಗೆ ಯಾರೂ ಹಾಕಿರಲಿಲ್ಲವಲ್ಲ. ಚೀಲದ ತಳದಿಂದ ಬಾಟಲಿ ತೆಗೆದರು. ಹರಳೆಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿದ್ದು, ಅವರ ಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿನ ನೆತ್ತಿಗೂ ಮೈಗೂ ಬಿದ್ದದ್ದು. ಮೈಗೆ ಎಣ್ಣೆಯಿದ್ದರೆ ಕೆರೆನೀರಿನ ಶೀತ ಒಳಗೆ ಇಳಿಯುವುದಿಲ್ಲ, ನವೆಯಾಗುವುದಿಲ್ಲ, ಜಿಗಣೆ ಹತ್ತುವುದಿಲ್ಲ. ಇದು ಅವರ ಅತ್ತೆ ಹೇಳಿದ್ದು, ಅತ್ತೆಗೆ ಅವರ ಅತ್ತೆ ಹೇಳಿದ್ದು.

"ಇವತ್ತು ಶನಿವಾರ ಕಣೇ. ಹೆಣ್ಣುಮಕ್ಕಳು ಎಣ್ಣೆ ಒತ್ತಿಕೊಳ್ಳೋ ವಾರ ಅಲ್ಲ" ಎಂದರು ವರದರಾಜರು.

"ಚಿಕ್ಕ ಮಕ್ಕಳಿಗೆ ವಾರದ ದೋಷ ಇಲ್ಲ, ಸುಮ್ನಿರಿ."

ನೆತ್ತಿಯಿಂದ ಉಂಗುಷ್ಠದವರೆಗೆ ಒಂದು ಬಟಾಣಿಯಷ್ಟು ಜಾಗ ಬಿಡದೆ ತಿಕ್ಕಿದರು. ಕೂದಲು ಎಳೆದು, ಟೇಪು ಸುತ್ತಿ, ಒಂದೇ ಬಿಗಿಯಾದ ಜಡೆ ಹೆಣೆದರು. "ಅಜ್ಜೀ, ಕಣ್ಣೆಲ್ಲ ಮೇಲಕ್ಕೆ ಹೋಯ್ತು" ಎಂದು ಆರಾಧನಾ ಅರಚಿದಳು. ಸುಪ್ರಜಾ ಬಾಗಿಲಲ್ಲಿ ನಿಂತು ನೋಡಿದಳು. ಬೇಡ ಎನ್ನುತ್ತಿಲ್ಲವಲ್ಲ, ಎಣ್ಣೆಯಲ್ಲಿ ಮುಗಿಯುವುದಾದರೆ ಮುಗಿಯಲಿ ಎಂದು ಅವಳೂ ಸುಮ್ಮನಾದಳು.

ದಂಡೆಯಲ್ಲಿ ಆಂಜಿನಯ್ಯ ಎಂಬುವನು ಕೊರಳಿಗೆ ಸೀಟಿ ನೇತುಹಾಕಿಕೊಂಡು ನಿಂತಿದ್ದ. ಈಜುವವರನ್ನು ಕಾಯುವುದು ಅವನ ಕೆಲಸ. ಅಷ್ಟೇ ಕೆಲಸವಲ್ಲ ಎಂಬುದು ಆಮೇಲೆ ಗೊತ್ತಾಯಿತು. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇರಲಿಲ್ಲ. ಎಲ್ಲರಿಗೂ ಆಗುತ್ತದೆ ಎಂದು ಒಂದು ಕಿತ್ತಳೆ ಬಣ್ಣದ ಜಾಕೆಟ್ ಕೊಟ್ಟ. ಅದರಲ್ಲಿ ಇನ್ನೊಬ್ಬ ಆರಾಧನಾ ಹಿಡಿಸುತ್ತಿದ್ದಳು. ಸುಪ್ರಜಾ ಬಕಲ್ ಹಾಕಿ, ಪಟ್ಟಿಯನ್ನು ಒಮ್ಮೆ ಜಗ್ಗಿ, "ಸರಿಯಾಗಿದೆ" ಎಂದಳು.

ಹುಡುಗಿ ನೀರಿಗಿಳಿದಳು. ಇಳಿದ ಕ್ಷಣದಿಂದ ವರದಿ ಶುರು. "ಅಪ್ಪಾ, ಕೆಳಗಡೆ ಕೆಸರು! ಅಮ್ಮಾ, ಕಾಲಿಗೆ ಏನೋ ಕಚಗುಳಿ ಇಡ್ತಿದೆ! ಅಜ್ಜೀ, ಶೀತ ಆಗ್ತಿಲ್ಲ!" ಕಶ್ಯಪ ಕುರ್ಚಿಯಲ್ಲಿ ಒರಗಿ ಫೋನು ತೆಗೆದ. ಸುಪ್ರಜಾ ವಿಡಿಯೋ ಮಾಡಿ, ಅದನ್ನು ಬ್ಯಾಂಕಿನ ಗೆಳತಿಯರಿಗೆಲ್ಲ ಕಳಿಸಲು ಕೂತಳು. ವರದರಾಜರು ಪೇಪರ್ ಬಿಡಿಸಿದರು. ತುಳಸಮ್ಮನ ಹತ್ತಿರ ಫೋನೂ ಇರಲಿಲ್ಲ, ಪೇಪರೂ ಇರಲಿಲ್ಲ, ಮಾತಾಡುವ ಹಕ್ಕೂ ಇರಲಿಲ್ಲ. ಮಗುವನ್ನು ನೋಡುವುದು ಬಿಟ್ಟು ಬೇರೇನು ಮಾಡಿಯಾರು?

ಆಗ ಅಡುಗೆಮನೆಯ ಕಡೆಯಿಂದ ಯಾರೋ ಕೂಗಿದರು. ಆಂಜಿನಯ್ಯ, "ಎರಡೇ ನಿಮಿಷ, ಬಂದ್ಬಿಟ್ಟೆ" ಎಂದು ಹೊರಟ. ಬಜ್ಜಿ ತರುವವನೂ ಅವನೇ. ಮಗು ಕಾಯುವವನು ಬಜ್ಜಿಗೆ ಹೋದರೆ ಮಗುವನ್ನು ಕಾಯುವವರು ಯಾರು? ತುಳಸಮ್ಮ ಬಾಯಿ ತೆರೆದರು. ಮಗನ ಮುಖ ನೋಡಿದರು. ಬಾಯಿ ಮುಚ್ಚಿದರು. ಜೀವಮಾನದಲ್ಲಿ ಕೇಳಬೇಕಾಗಿದ್ದ ಒಂದೇ ಒಂದು ಪ್ರಶ್ನೆಯನ್ನು ಹೀಗೆ ನುಂಗಿದೆನಲ್ಲ ಎಂದು ಅವರು ಆಮೇಲೆ ಬಹಳ ಹಳಹಳಿಸಿದರು.

ಮೆಣಸಿನಕಾಯಿ ಬಜ್ಜಿ ಬಂತು. ಘಮಕ್ಕೆ ಎಲ್ಲರ ತಲೆಯೂ ತಟ್ಟೆಯ ಕಡೆ ತಿರುಗಿತು, ತುಳಸಮ್ಮನದೂ ಒಂದು ಗಳಿಗೆ ತಿರುಗಿತೆಂದೇ ಹೇಳಬೇಕು. ಬಜ್ಜಿಯನ್ನು ಬಾಯಿಗಿಡುವಾಗ ಅವರಿಗೆ ಏನೋ ಕಳೆದುಹೋದಂತೆ ಅನಿಸಿತು. ಮಿಕ್ಸಿ ನಿಂತಾಗ ಮನೆಯೇ ನಿಂತಂತಾಗುತ್ತದಲ್ಲ, ಹಾಗೆ. ಆರಾಧನಾಳ ಸದ್ದಿಲ್ಲ.

"ಕಶ್ಯಪ, ಮಗು ಮಾತಾಡ್ತಿಲ್ಲ ಕಣೋ."

"ಒಂದು ನಿಮಿಷ ಬಾಯಿ ಮುಚ್ಚಿದ್ರೆ ಒಳ್ಳೇದಾಯ್ತು ಬಿಡಮ್ಮ. ಜಾಕೆಟ್ ಅಲ್ಲೇ ತೇಲ್ತಿದೆ ನೋಡು" ಎಂದು ಕಶ್ಯಪ ಆ ಕಿತ್ತಳೆ ಜಾಕೆಟ್ಟಿಗೆ ಕೈಬೀಸಿದ. ಸುಪ್ರಜಾಳೂ ಕೈಬೀಸಿದಳು. ಜಾಕೆಟ್ಟು ಹಗ್ಗದ ಪಕ್ಕ ನೆಮ್ಮದಿಯಾಗಿ ತೇಲುತ್ತಿತ್ತು. ಅದರೊಳಗೆ ತಲೆಯಿರಲಿಲ್ಲ.

ಎಣ್ಣೆ ಸವರಿದ ಕೈಯಿಂದ ಹಲಸಿನ ತೊಳೆ ಜಾರುವ ಹಾಗೆ ಹುಡುಗಿ ಜಾಕೆಟ್ಟಿನ ಕೆಳಗಿಂದ ಜಾರಿಹೋಗಿದ್ದಳು. ಹಗ್ಗದ ಪಕ್ಕದಲ್ಲೇ ಯಾವಾಗಲೋ ಹೂಳೆತ್ತಿದ ಗುಂಡಿಯಿತ್ತು. ಕಾಲು ಅದಕ್ಕೆ ಇಳಿದಿತ್ತು, ಜಾಕೆಟ್ಟು ಮುಖದ ಮೇಲೆ ಏರಿ ಕಳಚಿತ್ತು. ಕಂದು ನೀರಿನಲ್ಲಿ ಎರಡು ಪುಟ್ಟ ಅಂಗೈ ಮಾತ್ರ ಮೇಲೆ ಬಂದು ಮತ್ತೆ ಮುಳುಗುತ್ತಿದ್ದವು. ಒಂದು ಕೂಗಿಲ್ಲ, ಒಂದು ಅಳುವಿಲ್ಲ. ಮುಳುಗುವವರು ಕೂಗುತ್ತಾರೆ ಎಂದುಕೊಂಡಿದ್ದರು ಎಲ್ಲರೂ. ಬಾಯಿ ತುಂಬ ನೀರಿರುವ ಮಗು ಹೇಗೆ ಕೂಗೀತು?

ತುಳಸಮ್ಮ ಓಡಿದರು. ಮಂಡಿನೋವಿಗೆಂದು ಮೂರು ವರ್ಷದಿಂದ ಮಹಡಿ ಹತ್ತದ ಹೆಂಗಸು, ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು ಓಡಿದರು. ಆಂಜಿನಯ್ಯ ತಟ್ಟೆ ಬಿಸಾಡಿ, ಅವರನ್ನು ದಾಟಿ ನೀರಿಗೆ ಹಾರಿದ. ಮಗುವಿನ ಮುಂಗೈ ಹಿಡಿದ, ಜಾರಿತು. ತೋಳು ಹಿಡಿದ, ಅದೂ ಜಾರಿತು. "ಸಿಗ್ತಿಲ್ಲ! ಮೈಯೆಲ್ಲ ಜಾರ್ತದೆ!" ಎಂದು ಅವನು ಕೂಗುವ ಹೊತ್ತಿಗೆ ತುಳಸಮ್ಮ ಎದೆಮಟ್ಟದ ನೀರಿನಲ್ಲಿದ್ದರು. ತಾವೇ ಹೆಣೆದ ಜಡೆ ಕಣ್ಣೆದುರು ತೇಲಿತು. ಎರಡೂ ಕೈಯಿಂದ ಹಿಡಿದು, ಬಾವಿಯ ಹಗ್ಗ ಸೇದುವ ಹಾಗೆ ಎಳೆದರು. ಆಂಜಿನಯ್ಯ ಕೆಳಗಿಂದ ಸೊಂಟ ತಬ್ಬಿ ಎತ್ತಿದ.

ದಂಡೆಯಲ್ಲಿ ಮಲಗಿಸಿದಾಗ ಮಗು ನೀರು ಕಕ್ಕಿತು, ಕೆಮ್ಮಿತು, ಉಸಿರು ಸಿಕ್ಕಿ ದೊಡ್ಡದಾಗಿ ಅತ್ತಿತು. ಸುಪ್ರಜಾ ಅವಳನ್ನು ಅವಚಿಕೊಂಡು ತಾನೂ ಅತ್ತಳು. ಫೋನು ಎಲ್ಲಿ ಬಿತ್ತೋ ಕಶ್ಯಪನಿಗೆ ಗೊತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಆರಾಧನಾ ಹೇಳಿದ ಮೊದಲ ಮಾತು, "ಜಡೆ ನೋಯ್ತಿದೆ ಅಜ್ಜಿ."

ಲೋಹಿತ್ ಓಡಿಬಂದ. ಮಗುವಿನ ತೋಳು ಮುಟ್ಟಿ, ಬೆರಳು ಮೂಸಿ ನೋಡಿದ. "ಎಣ್ಣೆ ಹಚ್ಚಿ ಯಾರಾದ್ರೂ ನೀರಿಗೆ ಬಿಡ್ತಾರಾ? ಇದು ಗೆಸ್ಟ್‌ಗಳದೇ ತಪ್ಪು" ಎಂದ.

ಎಲ್ಲರೂ ತುಳಸಮ್ಮನ ಕಡೆ ತಿರುಗಿದರು. ಪ್ರಪಂಚಕ್ಕೆಲ್ಲ ಪ್ರಶ್ನೆ ಕೇಳಿದ ಹೆಂಗಸು ತನ್ನ ಬಾಟಲಿಯನ್ನು ಒಂದು ಮಾತು ಕೇಳಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. "ಹೌದು, ಎಣ್ಣೆ ಹಚ್ಚಿದ್ದು ನಾನೇ" ಎಂದರು. ಕಣ್ಣು ತುಂಬಿತು. ಆಮೇಲೆ ಬೀಗ ಒಡೆಯಿತು.

"ಎಣ್ಣೆ ನಂದು, ತಪ್ಪು ನಂದೇ. ಜಾಕೆಟ್ ಯಾರದು? ಮಕ್ಕಳ ಜಾಗ ಅಂತೀಯ, ಮಕ್ಕಳ ಅಳತೆ ಯಾಕಿಲ್ಲ? ಹಗ್ಗದ ಪಕ್ಕದಲ್ಲೇ ಗುಂಡಿ ಇದೆಯಲ್ಲ, ಅದನ್ನ ಯಾರು ತೋಡಿದ್ರು, ಯಾರು ನೋಡಿದ್ರು? ನೀನು ಈ ನೀರಿಗೆ ಒಂದು ದಿನ ಇಳಿದಿದೀಯಾ? ಕಾಯೋನ ಕೈಲಿ ಬಜ್ಜಿ ತಟ್ಟೆ ಕೊಟ್ಟೋರು ಯಾರು?"

"ಆಂಟಿ, ಅದು ಸ್ಟಾಫ್ ಶಾರ್ಟೇಜು..." ಎಂದು ಲೋಹಿತ್ ಕಶ್ಯಪನ ಮುಖ ನೋಡಿದ, ಈಗ 'ಅಮ್ಮಾ!' ಎಂದು ಗದರುತ್ತಾನೆಂದು ಕಾದ.

"ನನ್ನ ಮುಖ ಯಾಕ್ರೀ ನೋಡ್ತೀರಾ?" ಎಂದ ಕಶ್ಯಪ. "ನಮ್ಮಮ್ಮ ಕೇಳ್ತಿದ್ದಾರೆ, ಉತ್ತರ ಕೊಡಿ."

ಉತ್ತರಕ್ಕೆ ಕಾಯದೆ ಮಗುವನ್ನು ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎದೆಗೆ ಏನೂ ಆಗಿಲ್ಲವೆಂದು ಅಲ್ಲಿ ಹೇಳಿದ ಮೇಲೆ ರೂಮಿಗೆ ಬಂದು ತುಳಸಮ್ಮ ಸೀಗೆಕಾಯಿ ಹಾಕಿ ಆ ಎಣ್ಣೆಯನ್ನು ಪೂರ್ತಿ ತೆಗೆದರು. ಆರಾಧನಾ ಸ್ನಾನದ ಚೊಂಬು ಕಂಡರೂ ಹಿಂದೆ ಸರಿಯುತ್ತಿದ್ದಳು. ತಲೆಯ ಮೇಲೆ ನೀರು ಬಿದ್ದಾಗ ಅಜ್ಜಿಯ ಸೊಂಟವನ್ನು ಉಡದ ಹಾಗೆ ಹಿಡಿದುಕೊಂಡಳು.

ಬೆಳಿಗ್ಗೆ ಎಲ್ಲರೂ ಗಂಟುಮೂಟೆ ಕಟ್ಟಿದರು. "ಇನ್ನು ಈ ನೀರಿನ ಸಹವಾಸವೇ ಬೇಡ" ಎಂದ ಕಶ್ಯಪ. "ಈಜಿನ ಕ್ಲಾಸೂ ಬೇಡ" ಎಂದಳು ಸುಪ್ರಜಾ. ವರದರಾಜರು ಇರಬಹುದು ಎನ್ನಲಿಲ್ಲ, ನೋಡೋಣ ಎನ್ನಲಿಲ್ಲ. "ಬೇಡವೇ ಬೇಡ" ಎಂದರು.

ತುಳಸಮ್ಮ ಮೊಮ್ಮಗಳ ಕೈಹಿಡಿದುಕೊಂಡು ಎದ್ದರು. "ಕಾರು ಇನ್ನೊಂದು ಗಳಿಗೆ ನಿಲ್ಲಲಿ. ಈಗ ಹೀಗೇ ಮನೆಗೆ ಕರ್ಕೊಂಡು ಹೋದ್ರೆ ಈ ಮಗು ಜನ್ಮಪೂರ್ತಿ ನೀರಿಗೆ ಹೆದರುತ್ತೆ. ಒಂದು ಸಲ ಕಾಲು ನೆನೆಸಿ ಬರ್ತೀವಿ. ಕಶ್ಯಪ, ನೀನು ಆ ಕಡೆ ಬಾ. ಫೋನು ಬೇಡ. ಸುಪ್ರಜಾ, ನೀನು ಹಿಂದೆ ನಿಂತ್ಕೋ."

ಆಂಜಿನಯ್ಯ ಸೀಟಿ ಬಾಯಲ್ಲಿಟ್ಟುಕೊಂಡು ಅವರ ಮುಂದೆ ನೀರಿಗಿಳಿದು, ಕೋಲಿನಿಂದ ತಳ ತಡವಿ ತೋರಿಸಿದ. ಅಡುಗೆಮನೆಯವರು ಕೂಗಿದರೂ ಅವನು ತಿರುಗಿ ನೋಡಲಿಲ್ಲ. ಆರಾಧನಾಳ ಪಾದ ಮುಳುಗಿತು, ಮೀನಖಂಡ ಮುಳುಗಿತು. ಮೊದಲು ಬಿಗಿಯಾಗಿದ್ದ ಅವಳ ಭುಜ ನಿಧಾನವಾಗಿ ಇಳಿಯಿತು. ಆದರೆ ಪಕ್ಕದಲ್ಲಿ ತುಳಸಮ್ಮ ನಿಂತುಬಿಟ್ಟರು. ಮೊಣಕಾಲೂ ಮುಳುಗದ ನೀರು, ಕೆಳಗೆ ಕಾಣದ ಕೆಸರು. ಅವರಿಗೆ ಮುಂದಿನ ಹೆಜ್ಜೆ ಏಳಲೇ ಇಲ್ಲ.

"ಅಜ್ಜಿ, ನಿಂಗೆ ಈಜು ಬರುತ್ತಾ?"

"ಇಲ್ಲ ಪುಟ್ಟ. ಬಚ್ಚಲು ಮನೆ ಬಿಟ್ಟು ಬೇರೆ ನೀರಿಗೆ ನಾನು ಇಳಿದೇ ಇಲ್ಲ."

ಆರಾಧನಾ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಮತ್ತೆ ನಿನ್ನೆ ಅಷ್ಟು ಒಳಗೆ ಹೇಗೆ ಬಂದೆ?"

ತುಳಸಮ್ಮ ಬಾಯಿ ತೆರೆದರು. ಆ ಕಡೆ ನಿಂತಿದ್ದ ಮಗನ ಮುಖ ನೋಡಿದರು, ಅವನು ಕೆರೆಯ ಆಚೆ ದಡವನ್ನು ನೋಡುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದ.

"ಹೆದರ್ಕೋಬೇಡ ಅಜ್ಜಿ, ನನ್ನ ಕೈ ಗಟ್ಟಿಯಾಗಿ ಹಿಡ್ಕೋ" ಎಂದು ಆರಾಧನಾ ಅವರನ್ನು ಇನ್ನೊಂದು ಹೆಜ್ಜೆ ಮುಂದೆ ಕರೆದುಕೊಂಡು ಹೋದಳು.